ಎರಡು ಕೈ ನೀರಿನ ನಿಂಬೆ

ಒಂದಾನೊಂದು ಊರಿನ ಒಂದಾನೊಂದು ಬೀದಿಯಲ್ಲಿ, ಒಂದು ಮನೆಯ ಹಿತ್ತಲಿನಲ್ಲಿ, ಒಂದು ನಿಂಬೆ ಗಿಡವಿತ್ತು. ಅದು ರಾಜನ ತೋಟದ ಗಿಡವಲ್ಲ, ಮುಟ್ಟಿದರೆ ಮಾತಾಡುವ ಮಾಯದ ಗಿಡವೂ ಅಲ್ಲ. ತುಕ್ಕು ಹಿಡಿದ ತಗಡಿನ ಡ್ರಮ್ಮಿನಲ್ಲಿ ಕಾಲು ಮಡಚಿಕೊಂಡು ಕೂತ ಬಡ ಗಿಡ. ಆದರೂ ಅದಕ್ಕೊಂದು ಭಾಗ್ಯವಿತ್ತು. ಅದನ್ನು ಇಬ್ಬರು ನೋಡಿಕೊಳ್ಳುತ್ತಿದ್ದರು. ಅದಕ್ಕೊಂದು ಶಾಪವೂ ಇತ್ತು. ಒಬ್ಬರು ನೋಡಿಕೊಳ್ಳುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಹೂಂಗುಟ್ಟುವವರಿದ್ದರೆ ಕಥೆ ಮುಂದೆ ನಡೆಯುತ್ತದೆ. ನಡೆಯಲಿ.

ಆ ಮನೆಯ ಹುಡುಗಿಯನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಹಲ್ಲಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮೇಣದಲ್ಲಿ ಒಸಡು ಮೂಡಿಸಿ, ಅದರ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಯಾರೋ ಅಜ್ಜನ ನಗುವನ್ನು ಚಿಕ್ಕ ಚಾಕುವಿನಿಂದ ತಿದ್ದಿ ತಿದ್ದಿ ಕೊಡುವ ಕೆಲಸ. ಅಲ್ಲಿ ಅವಳ ನಿಧಾನಕ್ಕೆ ಬೆಲೆಯಿತ್ತು. ಮನೆಯಲ್ಲಿ ಮಾತ್ರ ಅದೇ ನಿಧಾನಕ್ಕೆ ಬೈಗುಳ. ಒಲೆಯ ಮುಂದೆ ನಿಂತೇ ಹಾಲು ಉಕ್ಕಿಸಿದವಳು, ಮಳೆ ಬಂದು ನಿಂತ ಮೇಲೆ ಬಟ್ಟೆ ತೆಗೆಯಲು ಓಡಿದವಳು ಎಂದು ಅವಳ ಹೆಸರಿನಲ್ಲಿ ಒಂದು ಪುರಾಣವೇ ಇತ್ತು.

ಕೆಲಸ ಸಿಕ್ಕಿದ ಮೇಲೆ ಅವಳು ಬಂದು ನೆಲೆಸಿದ್ದು ದೊಡ್ಡಮ್ಮನ ಮನೆಯಲ್ಲಿ. ನಿಂಬೆಯ ಗಿಡ ತಂದದ್ದು ದೊಡ್ಡಪ್ಪ. ಸದ್ಯಕ್ಕೆ ಡ್ರಮ್ಮಿನಲ್ಲಿರಲಿ, ಮುಂದಿನ ಮಳೆಗಾಲಕ್ಕೆ ನೆಲಕ್ಕಿಳಿಸೋಣ ಎಂದಿದ್ದರಂತೆ. ಮುಂದಿನ ಮಳೆಗಾಲಗಳು ಒಂದರ ಹಿಂದೆ ಒಂದು ಬಂದು ಹೋದವು. ಒಂದು ಮಳೆಗಾಲದಲ್ಲಿ ದೊಡ್ಡಪ್ಪನೂ ಹೋದರು. ಆಮೇಲೆ ದೊಡ್ಡಮ್ಮ ಮೈದುನನಿಗೆ ಹೇಳಿದರು, ಅಳಿಯನಿಗೆ ಹೇಳಿದರು, ಹುಲ್ಲು ಕೀಳಲು ಬಂದ ತೋಟದವನಿಗೂ ಹೇಳಿದರು. ಎಲ್ಲರೂ "ಆಯ್ತು" ಎಂದರು. ಗಿಡ ಮಾತ್ರ ಡ್ರಮ್ಮಿನಲ್ಲೇ ಉಳಿಯಿತು.

ಈಗ ಮಗಳ ಹೆರಿಗೆಗೆಂದು ದೊಡ್ಡಮ್ಮ ಬೇರೆ ಊರಿಗೆ ಹೊರಟಾಗ, ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತ ನಿಧಾನಿ ತಾನಾಗಿಯೇ ಹೇಳಿಬಿಟ್ಟಳು.

"ನೀನು ವಾಪಸ್ ಬರೋಷ್ಟರಲ್ಲಿ ನಿಂಬೆ ನೆಲದಲ್ಲಿರುತ್ತೆ ದೊಡ್ಡಮ್ಮ. ನನ್ನ ಮಾತು."

"ನೀನಾ?" ದೊಡ್ಡಮ್ಮ ಚಪ್ಪಲಿ ಮೆಟ್ಟುತ್ತಾ ನಕ್ಕರು. "ಮೊದ್ಲು ದಿನಾ ನೀರು ಹಾಕೋದು ನೆನಪಿಟ್ಕೋ ತಾಯಿ. ಬೇರೆ ಗಿಡ ಒಣಗಿದ್ರೆ ನಾಲ್ಕು ಬೈದು ಸುಮ್ನಾಗ್ತೀನಿ. ನಿಂಬೆ ಹೋದ್ರೆ..." ಅವರ ನಗು ಅಲ್ಲಿಗೇ ನಿಂತಿತು. "ಅವರ ಕೈಯಿಂದ ಇಟ್ಟಿದ್ದು ಅಂತ ಉಳಿದಿರೋದು ಅದೊಂದೇ ಕಣೆ."

ಆ ಮಾತನ್ನು ನಿಧಾನಿ ಮರೆಯಲಿಲ್ಲ. ಲ್ಯಾಬಿನಿಂದ ಬಂದವಳೇ ಬ್ಯಾಗು ಕೆಳಗಿಡುವ ಮೊದಲೇ ಹಿತ್ತಲಿಗೆ ಹೋಗುತ್ತಿದ್ದಳು. ಕತ್ತಲು ಇಳಿಯುವ ಹೊತ್ತು. ಹಸಿರು ಬಣ್ಣದ ನೀರಿನ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ, ನಿಂಬೆಯ ಬುಡಕ್ಕೆ ಬಗ್ಗಿಸಿ, ಮಣ್ಣು ಗುಳುಗುಳು ಎನ್ನುವುದನ್ನು ಕೇಳುತ್ತಾ ನಿಲ್ಲುತ್ತಿದ್ದಳು. ಸೇವಂತಿಗೆಗೆ, ದಾಸವಾಳಕ್ಕೆ, ಗುಲಾಬಿಗೆ ಒಂದೊಂದು ಸುತ್ತು. ನಿಂಬೆಗೆ ಎರಡು ಸುತ್ತು, ಜೊತೆಗೆ ಒಂದಿಷ್ಟು ಮಾತು.

ಒಂದು ಸಂಜೆ ನೋಡಿದರೆ ನಿಂಬೆಯ ಎಲೆ ಹಳದಿ.

"ಬಾಯಾರಿಕೇನಾ ನಿಂಗೆ?" ಎಂದಳು. ಇನ್ನೊಂದು ಕ್ಯಾನ್ ಸುರಿದಳು.

ಮಾರನೆಯ ದಿನ ಇನ್ನಷ್ಟು ಹಳದಿ, ಮತ್ತೊಂದು ಕ್ಯಾನ್. ಅವಳು ಕೊಟ್ಟಷ್ಟೂ ಗಿಡ ಸೊರಗಿತು, ಗಿಡ ಸೊರಗಿದಷ್ಟೂ ಅವಳು ಕೊಟ್ಟಳು.

ಅಷ್ಟರಲ್ಲಿ ಲ್ಯಾಬಿಗೆ ಬಣ್ಣ ಹೊಡೆಸುತ್ತಾರೆಂದು ಒಂದು ದಿನ ರಜೆ ಸಿಕ್ಕಿತು. ಮಧ್ಯಾಹ್ನ ಊಟ ಮುಗಿಸಿ ಅವಳು ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಉದುರಿದ ಎಲೆಗಳನ್ನು ಆಯುತ್ತಿದ್ದಳು. ಬಿಸಿಲು ನೆತ್ತಿಯ ಮೇಲಿತ್ತು. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿರಲಿಲ್ಲ.

ಮಳೆ ಬಂತು.

ಮಳೆಯಲ್ಲ. ಪಕ್ಕದ ಮನೆಯ ಗೋಡೆಯಾಚೆಯಿಂದ ನೀರಿನ ಧಾರೆಯೊಂದು ಕಾಮನಬಿಲ್ಲಿನ ಹಾಗೆ ಬಾಗಿ ಬಂದು ನೇರವಾಗಿ ನಿಂಬೆಯ ಬುಡಕ್ಕೂ, ಅದರ ಹಿಂದಿದ್ದವಳ ತಲೆಗೂ ಬಿತ್ತು.

"ಅಯ್ಯಯ್ಯೋ! ಯಾರ್ರೀ ಅದು!"

ಧಾರೆ ತಟ್ಟನೆ ನಿಂತಿತು. ಗೋಡೆಯಾಚೆ ಬಕೆಟ್ ಮಗುಚಿ ಹಾಕಿದ ಸದ್ದು. ಅದರ ಮೇಲೆ ಹತ್ತಿದವನ ತಲೆ ನಿಧಾನವಾಗಿ ಗೋಡೆಯ ಮೇಲೆ ಮೂಡಿತು. ಒಂದು ಹುಬ್ಬಿಗೆ ಮೈದಾ ಹಿಟ್ಟು ಮೆತ್ತಿತ್ತು, ಇನ್ನೊಂದು ಹುಬ್ಬು ಗಾಬರಿಯಿಂದ ಹಣೆಗೇರಿತ್ತು. ಬೀದಿಯ ತುದಿಯ ಬೇಕರಿಯವನು. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗಿ ಮಧ್ಯಾಹ್ನಕ್ಕೆ ಮರಳುವ ಅವನ ಮುಖವನ್ನು ಅವಳು ಬ್ರೆಡ್ಡಿನ ಟ್ರೇಗಳ ಹಿಂದೆ ಒಮ್ಮೊಮ್ಮೆ ಕಂಡಿದ್ದಳು, ಅಷ್ಟೆ.

"ನೀವು... ಮನೇಲಿದೀರಾ?" ಎಂದ.

"ನಮ್ಮನೇಲಿ ನಾನಿರೋದು ತಪ್ಪಾ? ನೀರು ಯಾಕೆ ಬಿಡ್ತಿದೀರಿ?"

"ಗಿಡಕ್ಕೆ."

"ಗಿಡಕ್ಕೆ ನಾನು ಹಾಕ್ತೀನಲ್ಲ!"

"ನೀವು ಮರೀತೀರಂತಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ.

"ಯಾರು ಹೇಳಿದ್ದು?"

ಅವನು ಪೈಪಿನ ತುದಿಯನ್ನು ನೋಡಿದ. ಅದರ ಬಾಯಿಯಿಂದ ಇನ್ನೂ ಹನಿ ಬೀಳುತ್ತಿತ್ತು. "ದೊಡ್ಡಮ್ಮ. ಊರಿಗೆ ಹೋಗೋ ಮುಂಚೆ ಬೇಕರಿಗೆ ಬಂದಿದ್ರು. ನಮ್ಮ ಹುಡುಗಿ ಒಳ್ಳೆಯೋಳು, ಆದ್ರೆ ಜ್ಞಾಪಕ ಎಲ್ಲೋ ಇರುತ್ತೆ, ಗೋಡೆ ಮೇಲಿಂದ ದಿನಾ ಸ್ವಲ್ಪ ನೀರು ಬಿಡಪ್ಪ, ಅವಳಿಗೆ ಮಾತ್ರ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ ಅಂದ್ರು."

"ನಮ್ಮ ದೊಡ್ಡಮ್ಮ ನಿಮಗೆ ಹೇಗೆ ದೊಡ್ಡಮ್ಮ?"

"ಅಭ್ಯಾಸ. ಅಂಗಡಿಗೆ ಬಂದಾಗೆಲ್ಲ ಹಾಗೇ ಕರೆಯೋದು."

"ಹಾಗಾದ್ರೆ ನೀವು ನನಗೆ ಅಣ್ಣ ಆಗ್ಬೇಕು."

ಬೇಕರಿಯವನು ಅವಳನ್ನು ನೋಡಿದ. ಒದ್ದೆ ಕೂದಲು ಕೆನ್ನೆಗೆ ಅಂಟಿತ್ತು. ಹಣೆಯ ಮೇಲೆ ಬೊಟ್ಟಿಟ್ಟಂತೆ ಒಂದು ಹಳದಿ ನಿಂಬೆ ಎಲೆ. ಸಿಟ್ಟಿನಲ್ಲಿ ಮೂಗಿನ ತುದಿ ಕೆಂಪಾಗಿತ್ತು.

"ಆಂಟಿ," ಎಂದ ಅವಸರವಾಗಿ. "ಇವತ್ತಿಂದ ಆಂಟಿ."

ಬೇರೆ ದಿನವಾಗಿದ್ದರೆ ನಿಧಾನಿ ನಕ್ಕುಬಿಡುತ್ತಿದ್ದಳು. ಅಂದು ನಗಲಿಲ್ಲ. ಒಳಗೆ ಹೋಗಿ ಟವೆಲ್ಲಿನಲ್ಲಿ ಮುಖ ಹುದುಗಿಸಿ ನಿಂತಳು. ಒಂದು ದಿನವೂ ಅವಳು ಮರೆತಿರಲಿಲ್ಲ. ಜ್ವರದ ಸಂಜೆಯೂ ಕ್ಯಾನ್ ಹಿಡಿದಿದ್ದಳು. ಆದರೂ ದೊಡ್ಡಮ್ಮ ಹೊರಡುವ ಮೊದಲೇ ಅವಳ ಮೇಲೊಬ್ಬ ಕಾವಲುಗಾರನನ್ನು ಇಟ್ಟು ಹೋಗಿದ್ದರು.

ಕೂದಲು ಒರೆಸುತ್ತಾ ಒರೆಸುತ್ತಾ ಅವಳ ಕೈ ನಿಂತಿತು. ದಿನಾ ಎಂದನಲ್ಲ? ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಓಡಿದಳು. ಅವನಿನ್ನೂ ಗೋಡೆಯ ಮೇಲೆ ಗಲ್ಲ ಊರಿಕೊಂಡು ತಪ್ಪಿತಸ್ಥನಂತೆ ನಿಂತಿದ್ದ.

"ದಿನಾ ಹಾಕ್ತೀರಾ?"

"ದಿನಾ. ಎಲೆ ಹಳದಿ ಆದಾಗಿಂದ ಸ್ವಲ್ಪ ಜಾಸ್ತೀನೇ. ನೀವು ಹಾಕಲ್ಲ ಅಂದ್ಕೊಂಡು..."

"ನಾನೂ ದಿನಾ," ಎಂದಳು ಸಣ್ಣ ದನಿಯಲ್ಲಿ. "ನಾನೂ ಜಾಸ್ತೀನೇ."

ಇಬ್ಬರೂ ಒಟ್ಟಿಗೆ ಡ್ರಮ್ಮಿನತ್ತ ತಿರುಗಿದರು.

ಅವನು ಗೇಟು ಸುತ್ತಿ ಹಿತ್ತಲಿಗೆ ಬಂದ. ಹಿಟ್ಟು ಹದಕ್ಕೆ ಬಂದಿದೆಯೇ ಎಂದು ನೋಡುವವನ ಹಾಗೆ ಮಣ್ಣಿಗೆ ಬೆರಳಿಳಿಸಿದ. ಬೆರಳು ಬುಡದವರೆಗೂ ಸಲೀಸಾಗಿ ಹೋಯಿತು, ಮೇಲೆ ಬರುವಾಗ ಪಚಕ್ಕೆಂದಿತು. "ಹಿಟ್ಟು ಹೀಗಾದ್ರೆ ಬ್ರೆಡ್ ಆಗಲ್ಲ," ಎಂದ, "ಪೋಸ್ಟರ್ ಅಂಟಿಸ್ಬೇಕು ಅಷ್ಟೆ."

ನಿಧಾನಿ ನೆಲಕ್ಕೆ ಕೆನ್ನೆ ತಾಗಿಸಿ ಡ್ರಮ್ಮಿನ ತಳ ನೋಡಿದಳು. ನೀರು ಬಸಿಯಲೆಂದು ದೊಡ್ಡಪ್ಪ ಕೊರೆದ ತೂತುಗಳಿಗೆ ಬೇರು, ಮಣ್ಣು, ತುಕ್ಕು ಸೇರಿ ಬಿರಡೆ ಹಾಕಿದಂತಾಗಿತ್ತು. ಅವಳು ಬ್ಯಾಗಿನಿಂದ ತನ್ನ ಮೇಣದ ಚಾಕು ತಂದಳು. ಒಂದೊಂದೇ ತೂತಿನೊಳಗೆ ತುದಿಯಿಟ್ಟು, ಬೇರಿಗೆ ನೋವಾಗದ ಹಾಗೆ ಕೆರೆದು ಬಿಡಿಸಿದಳು. ಕಪ್ಪು ನೀರು ತೊಟ್ಟಿಕ್ಕಿತು, ಆಮೇಲೆ ಹರಿಯಿತು. ಅದರ ಜೊತೆ ಕೊಳೆತ ವಾಸನೆಯೂ ಬಂತು.

"ಅತಿಯಾದ್ರೆ ಅಮೃತಾನೂ ವಿಷ ಅಂತಾರೆ," ಎಂದಳು ಅವಳು. "ನಾವಿಬ್ರೂ ಸೇರಿ ಇದನ್ನ ಮುಳುಗಿಸ್ತಿದ್ವಿ."

"ಎತ್ತು ಏರಿಗೆ, ಕೋಣ ನೀರಿಗೆ ಅಂತಾನೂ ಅಂತಾರೆ," ಎಂದ ಅವನು. "ನಾವು ಇಬ್ರೂ ನೀರಿಗೇ ಎಳೆದ್ವಿ."

"ಹಾಗಾದ್ರೆ ಇಬ್ರೂ ಕೋಣಗಳೇ."

ಈ ಸಲ ಅವಳು ನಕ್ಕಳು. ಅವಳ ನಗು ಕೂಡ ನಿಧಾನ. ಮೊದಲು ಕಣ್ಣಿಗೆ ಬಂದು, ಅಲ್ಲಿ ಸ್ವಲ್ಪ ಕೂತು, ಆಮೇಲೆ ತುಟಿಗಿಳಿಯಿತು. ಬೇಕರಿಯವನು ಆ ಪ್ರಯಾಣವನ್ನು ಕೊನೆಯವರೆಗೂ ನೋಡಿದ.

ಇನ್ನು ಮಾಡಬೇಕಾದದ್ದು ಒಂದೇ. ಏನೂ ಮಾಡದಿರುವುದು. ಮಣ್ಣು ಒಣಗಬೇಕು, ಬೇರು ಉಸಿರಾಡಬೇಕು. ಒಣಗಿದ ಮೇಲೆ ಜೀವ ಉಳಿದಿದ್ದರೆ ನೆಲಕ್ಕಿಳಿಸಬೇಕು. ಕೇಳಲು ಸುಲಭ. ಆದರೆ ಹಳದಿ ಎಲೆ ಕಂಡ ಕೂಡಲೇ ಇಬ್ಬರ ಕೈಯೂ ನೀರಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಒಂದ್ ಕೆಲ್ಸ ಮಾಡೋಣ," ಎಂದ ಅವನು. "ನನ್ನ ಪೈಪ್ ನಿಮ್ಮ ಹತ್ರ ಇರ್ಲಿ. ನಿಮ್ಮ ಕ್ಯಾನ್ ನನ್ನ ಹತ್ರ. ಆಗ ಕಳ್ಳಾಟ ನಡೆಯಲ್ಲ."

"ಉಳಿದ ಗಿಡಗಳಿಗೆ?"

"ಸಂಜೆ ಕ್ಯಾನ್ ತಗೊಂಡು ಬರ್ತೀನಿ. ನನ್ನ ಕಣ್ಣೆದುರಿಗೆ ಹಾಕಿ. ನಾನು ನಿಮಗೆ ಕಾವಲು, ನೀವು ನನಗೆ ಕಾವಲು."

ಹಾಗೆ ಶುರುವಾಯಿತು. ಸಂಜೆ ಗೇಟು ಕಿರ್ ಎನ್ನುತ್ತಿತ್ತು. ಹಸಿರು ಕ್ಯಾನ್ ಮೊದಲು, ಅದರ ಹಿಂದೆ ಅವನು. ಅವಳು ಸೇವಂತಿಗೆಗೆ ನೀರು ಹಾಕುತ್ತಿದ್ದರೆ ಅವನು ದಾಸವಾಳದ ಒಣ ಕಡ್ಡಿ ಮುರಿಯುತ್ತಿದ್ದ. ನಿಂಬೆಯ ಹತ್ತಿರ ಬಂದಾಗ ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

"ಹಲ್ಲು ಕಟ್ಟೋದು ಕಷ್ಟನಾ?" ಒಂದು ದಿನ ಕೇಳಿದ.

"ಹಲ್ಲು ಸುಲಭ. ಅವು ಅವರದೇ ಹಲ್ಲು ಅನ್ನಿಸೋ ಹಾಗೆ ಮಾಡೋದು ಕಷ್ಟ. ಎಲ್ರೂ ಸಾಲಾಗಿ, ಮುತ್ತಿನ ಥರ ಬೇಕು ಅಂತಾರೆ. ಹಾಗೆ ಮಾಡಿಕೊಟ್ರೆ ಕನ್ನಡೀಲಿ ಬೇರೆ ಯಾರನ್ನೋ ನೋಡಿದ ಹಾಗಾಗುತ್ತೆ. ಅದಕ್ಕೆ ಎಲ್ಲೋ ಒಂದು ಹಲ್ಲನ್ನ ಒಂಚೂರು ಸೊಟ್ಟ ಇಡ್ತೀನಿ."

ಅವನು ತನ್ನ ಮುಂದಿನ ಸೊಟ್ಟ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. ಅವಳು ನೋಡಿಯೂ ನೋಡದಂತೆ ಗುಲಾಬಿಯತ್ತ ತಿರುಗಿದಳು.

"ನಮ್ಮಿಬ್ಬರ ವ್ಯಾಪಾರ ಚೆನ್ನಾಗಿ ಹೊಂದುತ್ತೆ," ಎಂದ. "ನನ್ನ ರಸ್ಕ್ ಕಡಿದೋರು ನೇರ ನಿಮ್ಮ ಲ್ಯಾಬಿಗೆ ಬರ್ತಾರೆ."

ಮಾತು ಮುಗಿದರೂ ಅವನು ಹೋಗುತ್ತಿರಲಿಲ್ಲ. ಗೋಡೆಗೆ ಒರಗಿ ನಿಲ್ಲುತ್ತಿದ್ದ, ನಡುನಡುವೆ ಆಕಳಿಕೆ ನುಂಗುತ್ತಿದ್ದ. ಕತ್ತಲಿರುವಾಗಲೇ ಏಳಬೇಕಾದವನು, ದೀಪ ಹಚ್ಚುವ ಹೊತ್ತಿಗೆ ಮಲಗಿರಬೇಕಾದವನು.

"ಆಕಳಿಸ್ತಿದೀರ. ಹೋಗಿ ಮಲಗಿ."

"ಇದು ಆಕಳಿಕೆ ಅಲ್ಲ, ದೊಡ್ಡ ನಗು."

ಆಚೆ ಮನೆಯ ಕಿಟಕಿಯಿಂದ ಅವನ ಅಕ್ಕನ ದನಿ ಕೇಳುತ್ತಿತ್ತು. "ಏನೋ, ಆ ಗೋಡೆ ಬಿದ್ದು ಹೋಗುತ್ತೇನೋ, ಒರಗಿ ಹಿಡ್ಕೊಂಡು ನಿಂತಿದೀಯ? ಊಟಕ್ಕೆ ಬಾ!"

ಅವನು ಹೋದ ಮೇಲೆ ಹಿತ್ತಲಲ್ಲಿ ಹಸಿ ಮಣ್ಣಿನ ವಾಸನೆಯ ಜೊತೆ ಸುಟ್ಟ ಸಕ್ಕರೆಯ ವಾಸನೆ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ನಿಧಾನಿ ಅಡಿಗೆಮನೆಯ ದೀಪ ಹಾಕಲು ಮರೆತು ಅಲ್ಲೇ ನಿಲ್ಲುತ್ತಿದ್ದಳು. ಮರೆಯುವುದರಲ್ಲಿ ಅವಳಿಗೆ ಹೆಸರಿತ್ತಲ್ಲ.

ಗಿಡ ಮಾತ್ರ ಇಳಿಯುತ್ತಲೇ ಇತ್ತು. ಹಳದಿ ಎಲೆಗಳು ಉದುರಿದವು, ಅವುಗಳ ಹಿಂದೆ ಹಸಿರೆಲೆಗಳೂ ಉದುರಿದವು. ಕೊನೆಗೆ ಮುಳ್ಳು ಮತ್ತು ಕಡ್ಡಿ. ದೊಡ್ಡಮ್ಮ ಫೋನಿನಲ್ಲಿ ಮೊದಲು ಮೊಮ್ಮಗುವಿನ ಅಳು ಕೇಳಿಸಿ, ಆಮೇಲೆ ನಿಂಬೆಯನ್ನು ವಿಚಾರಿಸುತ್ತಿದ್ದರು. "ನೋಡ್ಕೋತಿದೀನಿ ದೊಡ್ಡಮ್ಮ," ಎಂದಷ್ಟೇ ಹೇಳಿ ಅವಳು ಫೋನ್ ಇಡುತ್ತಿದ್ದಳು. ದಿನವೂ ಮಣ್ಣಿಗೆ ಬೆರಳಿಳಿಸುವಳು. ಮೇಲೆ ಒಣಗಿತ್ತು, ಬೆರಳ ತುದಿಗೆ ಇನ್ನೂ ತಂಪು ತಾಗುತ್ತಿತ್ತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತನಗೆ ತಾನೇ ಹೇಳಿಕೊಳ್ಳುವಳು.

ಒಂದು ಸಂಜೆ ಬೆರಳಿಳಿಸಿದರೆ ಮಣ್ಣಿನ ಮೇಲ್ಮೈ ಒದ್ದೆಯಾಗಿತ್ತು.

ಅವಳು ಎದ್ದು ನಿಂತಳು. ಕ್ಯಾನ್ ಹಿಡಿದು ಗೇಟಿನೊಳಗೆ ಬಂದ ಬೇಕರಿಯವನು ಅವಳ ಬೆರಳ ತುದಿಯ ಕೆಸರನ್ನು ನೋಡಿದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಒಂದೇ ಲೋಟ," ಎಂದ. "ಮಧ್ಯಾಹ್ನ ಗೋಡೆ ಮೇಲಿಂದ ನೋಡ್ದೆ. ಮಣ್ಣು ಬಿರುಕು ಬಿಟ್ಟಿತ್ತು. ಒಂದೆಲೆ ಇಲ್ಲ. ತಡ್ಕೊಳ್ಳೋಕೆ ಆಗ್ಲಿಲ್ಲ."

"ನಾನು ನೋಡ್ತಿದ್ನಲ್ಲ?"

"ನೋಡ್ತಿದ್ರಿ, ಆದ್ರೆ..."

"ಆದ್ರೆ? ಮರೆತಿರ್ಬೋದು ಅಂದ್ಕೊಂಡ್ರಾ?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆ ಕ್ಷಣ ಬಂದು ಇಬ್ಬರ ನಡುವೆ ನಿಂತು ಹೋಯಿತು.

"ಲೋಟದ ಮಾತಲ್ಲ," ನಿಧಾನಿಯ ದನಿ ಏರಲಿಲ್ಲ. "ದೊಡ್ಡಮ್ಮ ನನ್ನ ಬೆನ್ನ ಹಿಂದೆ ನಿಮಗೆ ಹೇಳಿ ಹೋದ್ರು. ನೀವು ನನ್ನ ಬೆನ್ನ ಹಿಂದೆ ನೀರು ಹಾಕಿದ್ರಿ. ಎಲ್ರೂ ನನಗೆ ಒಳ್ಳೇದನ್ನೇ ಮಾಡ್ತೀರಿ. ನಂಬೋದೊಂದು ಬಿಟ್ಟು."

ಒಳಗೆ ಹೋಗಿ ಪೈಪಿನ ಸುರುಳಿ ತಂದು ಅವನ ಹೆಗಲಿಗೆ ಹಾಕಿದಳು. ಅವನ ಕೈಯಿಂದ ಕ್ಯಾನ್ ತೆಗೆದುಕೊಂಡಳು. ಗೇಟು ಕಿರ್ ಎಂದಿತು.

ಆಮೇಲಿನ ಸಂಜೆಗಳು ಉದ್ದವಾದವು. ಗೋಡೆಯಾಚೆ ಅವನು ಕೆಮ್ಮುವುದು ಕೇಳುತ್ತಿತ್ತು, ಬಕೆಟ್ಟಿನ ಸದ್ದು ಕೇಳುತ್ತಿತ್ತು. ತಲೆ ಮಾತ್ರ ಮೂಡಲಿಲ್ಲ. ಒಂದು ಸಲ ಅವನ ಅಕ್ಕ, "ಏನೋ, ಗೋಡೆ ಈಗ ತಾನಾಗೇ ನಿಂತ್ಕೊಳ್ಳುತ್ತಾ?" ಎಂದದ್ದು ಕೇಳಿಸಿತು.

ನಿಧಾನಿಗೆ ಕೋಪ ಇಟ್ಟುಕೊಳ್ಳುವುದು ಬರುತ್ತಿರಲಿಲ್ಲ. ಎಲ್ಲೋ ಇಟ್ಟು ಮರೆತುಬಿಡುತ್ತಿದ್ದಳು. ಆದರೆ ಈ ಸಲ ಕೋಪ ಇದ್ದ ಜಾಗದಲ್ಲಿ ಇನ್ನೇನೋ ಉಳಿದುಕೊಂಡಿತ್ತು. ಲ್ಯಾಬಿನಲ್ಲಿ ಒಂದು ಮೇಣದ ಹಲ್ಲನ್ನು ಸೊಟ್ಟ ಕೂರಿಸಿ, ಅದನ್ನೇ ನೋಡುತ್ತಾ ಕೂತಿದ್ದಳು. ಪಕ್ಕದವಳು ಬಂದು, "ಯಾರದೇ ಅದು, ಇಷ್ಟು ಮುದ್ದು ಮಾಡ್ತಿದೀಯ?" ಎಂದಾಗ ಕಿವಿಯವರೆಗೂ ಕೆಂಪಾದಳು.

ಅಂದು ಸಂಜೆ ಮಣ್ಣು ಬೆರಳ ಬುಡದವರೆಗೂ ಒಣಗಿತ್ತು. ಅವಳು ಉಸಿರು ಬಿಗಿಹಿಡಿದು ನಿಂಬೆಯ ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದಳು. ಕಂದು. ಇನ್ನೊಂದು ಕೊಂಬೆ. ಅದೂ ಕಂದು. ಕಾಂಡದ ಹತ್ತಿರ ಬಂದು, ಇಲ್ಲದ ಧೈರ್ಯ ತಂದುಕೊಂಡು, ಮತ್ತೆ ಕೆರೆದಳು.

ಹಸಿರು. ಎಳೆ ಬಟಾಣಿಯ ಒಳಗಿನಂಥ ಹಸಿರು.

ಅಲ್ಲೇ ಕೂತು ದೊಡ್ಡಮ್ಮನಿಗೆ ಫೋನ್ ಮಾಡಿದಳು.

"ದೊಡ್ಡಮ್ಮ, ಒಂದು ವಿಷಯ ಹೇಳ್ಬೇಕು. ನಿಂಬೆ ಎಲೆ ಎಲ್ಲಾ ಉದುರಿಹೋಗಿದೆ. ನಾನು ಮರೆತಿದ್ದಕ್ಕಲ್ಲ. ನಾನೂ ಹಾಕ್ದೆ, ಬೇಕರಿಯವರೂ ಹಾಕಿದ್ರು, ಬೇರು ಕೊಳೀತು. ಈಗ ಕಾಂಡದಲ್ಲಿ ಜೀವ ಇದೆ. ಡ್ರಮ್ ಕತ್ತರಿಸಿ, ಸತ್ತ ಬೇರು ತೆಗೆದು ನೆಲಕ್ಕಿಳಿಸಿದ್ರೆ ಉಳೀಬೋದು. ಉಳೀದೇನೂ ಇರ್ಬೋದು. ನೀನು ಬರೋವರೆಗೆ ಕಾಯ್ಲಾ?"

ಆ ಕಡೆ ದೊಡ್ಡಮ್ಮ ಅಳುವ ಮಗುವನ್ನು ತಟ್ಟಿ ಸಮಾಧಾನ ಮಾಡುವುದು ಕೇಳಿಸಿತು.

"ನಾಡಿದ್ದು ಹೊರಡ್ತಿದೀನಿ," ಎಂದರು ದೊಡ್ಡಮ್ಮ. "ಆದ್ರೆ ನಾನು ಬಂದು ಏನು ನೋಡ್ಲಿ? ಇಷ್ಟು ದಿನ ಅದರ ಪಕ್ಕ ಕೂತಿರೋಳು ನೀನು. ನಿನಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡು." ಆಮೇಲೆ, "ಆ ಹುಡುಗನಿಗೆ ಹೇಳಿ ಬಂದಿದ್ದು ತಪ್ಪಾಯ್ತಾ ಕಣೆ?" ಎಂದರು.

"ತಪ್ಪಾಯ್ತು ದೊಡ್ಡಮ್ಮ," ಎಂದಳು ನಿಧಾನಿ, ಕಣ್ಣೊರೆಸಿಕೊಳ್ಳುತ್ತಾ. "ಆದ್ರೂ ಪರವಾಗಿಲ್ಲ."

ಫೋನ್ ಇಟ್ಟು, ತಾನೇ ಮೊದಲು ಮಾತಾಡಿಬಿಡೋಣವೆಂದು ಗೇಟಿನತ್ತ ಹೊರಟಳು. ಅವನು ಗೇಟಿನ ಆಚೆಯೇ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಕೈ ಚಿಲಕದ ಮೇಲಿತ್ತು, ಆದರೆ ತೆಗೆದಿರಲಿಲ್ಲ.

"ಒಳಗೆ ಬರ್ಬೋದಾ ಅಂತ ಕೇಳೋಕೆ ಬಂದೆ," ಎಂದ.

"ಕೇಳಿ."

"ಮೊದ್ಲು ಒಂದು ಮಾತು. ನಮ್ಮ ಬೇಕರೀಲಿ ಕೇಕ್ ಒಳಗಿಟ್ಟ ಮೇಲೆ ಯಾರಾದ್ರೂ ಓವನ್ ಬಾಗಿಲು ತೆಗೆದು ಇಣುಕಿದ್ರೆ ನಾನು ಬೈತೀನಿ. ಇಣುಕಿದ್ರೆ ಕೇಕ್ ಕುಸಿಯುತ್ತೆ. ಅಷ್ಟು ಗೊತ್ತಿರೋನು ನಾನೇ ಬಾಗಿಲು ತೆಗೆದೆ." ಅವನು ತಲೆ ಎತ್ತಿದ. "ಗಿಡದ ಮೇಲೆ ನಂಬಿಕೆ ಇಲ್ಲ ಅಂತ ನನಗೇ ಹೇಳ್ಕೊಂಡೆ. ಅಲ್ಲ. ನಂಬದೇ ಇದ್ದಿದ್ದು ನಿಮ್ಮನ್ನ. ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನಂದು. ಇನ್ನು ನಾನು ಏನು ಮಾಡ್ಬೇಕು ಅಂತ ನೀವೇ ಹೇಳಿ. ಹೇಳಿದ್ದಷ್ಟೇ ಮಾಡ್ತೀನಿ. ಹೋಗು ಅಂದ್ರೆ ಹೋಗ್ತೀನಿ."

ನಿಧಾನಿ ಅವನನ್ನು ನೋಡಿದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅಂಗಿಯ ಗುಂಡಿ ಒಂದು ಕಾಜಾ ತಪ್ಪಿ ಮೇಲೆ ಕೆಳಗಾಗಿ ಸೇರಿತ್ತು.

"ಗುಂಡಿ ತೋಡೋಕೆ ಬರುತ್ತಾ?" ಎಂದಳು.

"ಎಷ್ಟು ಆಳ?"

"ನಾನು ಸಾಕು ಅನ್ನೋವರೆಗೆ."

ಮಾರನೆಯ ದಿನ ಭಾನುವಾರ. ಬಿಸಿಲು ತಗ್ಗಿದ ಮೇಲೆ ಶುರುಮಾಡಿದರು. ಜಾಗ ಅವಳೇ ಆರಿಸಿದ್ದಳು. ನೀರು ನಿಲ್ಲದ ಕಡೆ, ಬೆಳಗಿನ ಬಿಸಿಲು ಬೀಳುವ ಕಡೆ. ಅವನು ತೋಡಿದ. ಅವಳು ಆಗಾಗ, "ಆಳ ಬೇಡ, ಅಗಲ ಬೇಕು," ಎನ್ನುತ್ತಿದ್ದಳು. ಅವನು ತುಟಿಪಿಟಕ್ಕೆನ್ನದೆ ಅಗಲಿಸುತ್ತಿದ್ದ. ಅವಳು "ಸಾಕು" ಎಂದಾಗ ಎತ್ತಿದ ಗುದ್ದಲಿಯನ್ನು ಗಾಳಿಯಲ್ಲೇ ನಿಲ್ಲಿಸಿದ.

ತಗಡಿನ ಕತ್ತರಿಯಿಂದ ಡ್ರಮ್ಮನ್ನು ಮೇಲಿನಿಂದ ಕೆಳಗೆ ಸೀಳಿದರು. ತುಕ್ಕು ಪುಡಿಪುಡಿಯಾಗಿ ಉದುರಿತು. ಒಳಗೆ ಬೇರುಗಳು ಹಗ್ಗ ಸುತ್ತಿಟ್ಟಂತೆ ಡ್ರಮ್ಮಿನ ಆಕಾರದಲ್ಲೇ ಸುತ್ತಿಕೊಂಡಿದ್ದವು. ನಿಧಾನಿ ನೆಲದ ಮೇಲೆ ಕಾಲು ಚಾಚಿ ಕೂತು, ಬುಡವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೇರನ್ನು ಸಿಕ್ಕು ಬಿಡಿಸಿದಳು. ಕಪ್ಪಾದವುಗಳ ಸಿಪ್ಪೆ ಮುಟ್ಟಿದರೆ ಜಾರುತ್ತಿತ್ತು. ಅವನ್ನು ಕತ್ತರಿಸಿದಳು. ಬೆಳ್ಳಗಿದ್ದವನ್ನು ಉಳಿಸಿದಳು. ಹೊತ್ತು ಹೋಗುತ್ತಿತ್ತು. ಬೇಕರಿಯವನು ಪಕ್ಕದಲ್ಲಿ ಕೂತಿದ್ದ, ಬೇಗ ಎನ್ನಲಿಲ್ಲ, ಕೈ ಹಾಕಲಿಲ್ಲ, ಕೇಳಿದಾಗ ಕತ್ತರಿ ಕೊಟ್ಟ. ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಏನು ನೋಡ್ತೀರಿ?"

"ಇಷ್ಟು ನಿಧಾನವಾಗಿ ಯಾರೂ ನನ್ನ ಕಣ್ಣ ಮುಂದೆ ಏನನ್ನೂ ಮಾಡಿಲ್ಲ," ಎಂದ. "ಇದು ಮುಗೀದೇ ಇರ್ಲಿ ಅನ್ನಿಸ್ತಿದೆ."

ಅವಳು ಬಗ್ಗಿಸಿದ ತಲೆ ಎತ್ತಲಿಲ್ಲ. ಆದರೆ ಬೆರಳುಗಳು ಒಂದು ಕ್ಷಣ ದಾರಿ ತಪ್ಪಿದವು.

ಗಿಡವನ್ನು ಗುಂಡಿಗಿಳಿಸಿ ಅವನು ಎರಡೂ ಕೈಯಲ್ಲಿ ಕಾಂಡ ಹಿಡಿದು ನಿಂತ. ಅವಳು ಬೇರುಗಳನ್ನು ಸುತ್ತಲೂ ಹರಡಿ, ಬೊಗಸೆಯಿಂದ ಮಣ್ಣು ತುಂಬತೊಡಗಿದಳು. ಅವನ ಮೂಗಿನ ಮೇಲೊಂದು ನೊಣ ಬಂದು ಕೂತಿತು. ಅವನು ಮೂತಿಯನ್ನು ಅತ್ತ ಇತ್ತ ತಿರುಗಿಸಿದ.

"ಅಲ್ಲಾಡ್ಬೇಡಿ."

"ನೊಣ!"

"ನಾನು ಹೇಳಿದ್ದಷ್ಟೇ ಮಾಡ್ತೀನಿ ಅಂದ್ರಲ್ಲ?" ಎನ್ನುತ್ತಾ ಅವಳೇ ಊದಿ ನೊಣ ಓಡಿಸಿದಳು. ಅಷ್ಟು ಹತ್ತಿರದಿಂದ ಅವನ ರೆಪ್ಪೆಗಳು ಉದ್ದವೆಂದು ಕಂಡವು. ಬೇಗನೆ ಹಿಂದೆ ಸರಿದು, ಗಿಡ ನೆಟ್ಟಗಿದೆಯೇ ಎಂದು ನೋಡುವ ನೆವ ಮಾಡಿಕೊಂಡಳು.

"ನೇರ ಇದೆಯಾ?" ಅವನು ಕೇಳಿದ.

"ಗಿಡ ನೇರ ಇದೆ."

"ಮತ್ಯಾಕೆ ನಗ್ತೀರಿ?"

"ಹಿಡ್ಕೊಂಡಿರೋರು ಈ ಕಡೆ ವಾಲಿದಾರೆ."

ಅವನು ನೇರವಾಗಲು ನೋಡಲಿಲ್ಲ. "ಅವತ್ತು ಇದೇ ಗಿಡದ ಹಿಂದಿನಿಂದ ಒದ್ದೆಯಾಗಿ ಎದ್ದು ನಿಂತು 'ಯಾರ್ರೀ ಅದು' ಅಂದ್ರಲ್ಲ," ಎಂದ, "ಆಗಲೇ ವಾಲಿದ್ದು. ಆಮೇಲೆ ನೆಟ್ಟಗೆ ನಿಲ್ಲೋಕೆ ಆಗ್ತಿಲ್ಲ. ನಿಮ್ಮ ಜೊತೆ ಇರೋಕೆ ಇಷ್ಟ ನನಗೆ. ಇದೊಂದು ಹಿತ್ತಲಲ್ಲಿ ಮಾತ್ರ ಅಲ್ಲ, ಎಲ್ಲಾ ಕಡೆ. ಉತ್ತರ ಈಗ್ಲೇ ಬೇಕು ಅಂತಲ್ಲ. ಕಾಯೋದನ್ನ ಈಗ ತಾನೇ ಕಲ್ತಿದೀನಿ, ನಿಮಗೆಷ್ಟು ದಿನ ಬೇಕೋ..."

"ನಾನು ಅಷ್ಟೇನೂ ನಿಧಾನಿ ಅಲ್ಲ," ಎಂದಳು ಅವಳು.

ಗುಂಡಿಯ ಅಂಚಿಗೆ ಬಂದು ಮಂಡಿಯೂರಿದಳು. ಕಾಂಡ ಹಿಡಿದಿದ್ದ ಅವನ ಕೈಗಳ ಮೇಲೆ ತನ್ನ ಮಣ್ಣಿನ ಕೈಗಳನ್ನು ಇಟ್ಟಳು. "ನೀವು ಬರದೇ ಇದ್ದ ಸಂಜೆಗಳಲ್ಲಿ ನಾನು ಗೇಟಿನ ಸದ್ದನ್ನೇ ಕಾಯ್ತಿದ್ದೆ. ಕೋಪದಲ್ಲಿದ್ದಾಗ್ಲೂ ಕಾಯ್ತಿದ್ದೆ. ಅಂದ್ರೆ ಏನು ಅಂತ ನನಗೆ ಅವತ್ತೇ ಗೊತ್ತಾಯ್ತು."

ಬೇಕರಿಯವನ ಸೊಟ್ಟ ಹಲ್ಲು ಹೊರಗೆ ಇಣುಕಿ ನಗುತ್ತಿತ್ತು.

"ಈಗ ಕೈ ಬಿಡ್ಬೋದು," ಎಂದಳು. ಆಮೇಲೆ, "ಗಿಡದಿಂದ," ಎಂದು ಸೇರಿಸಿದಳು.

ಉಳಿದ ಮಣ್ಣನ್ನು ಇಬ್ಬರೂ ಸೇರಿ ಎಳೆದರು. ಬುಡದ ಸುತ್ತ ದಿಬ್ಬದಂತೆ ಏರಿಸಿ, ಬರಿಗಾಲಿನಲ್ಲಿ ಮೆಲ್ಲಗೆ ಮೆಟ್ಟಿ ಕೂರಿಸಿದರು. ಹೊಸ ಮಣ್ಣಿನ ಮೇಲೆ ದೊಡ್ಡ ಹೆಜ್ಜೆಗಳೂ ಚಿಕ್ಕ ಹೆಜ್ಜೆಗಳೂ ಒಂದರ ಮೇಲೊಂದು ಬಿದ್ದವು. ಅವನು ಹೋಗಿ ಕ್ಯಾನ್ ತುಂಬಿಕೊಂಡು ಬಂದ. ಬಾಗಿಸಲಿಲ್ಲ. ಅವಳ ಕೈಗೆ ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತ.

ನಿಧಾನಿ ದಿಬ್ಬದ ಸುತ್ತ ನೀರು ಬಿಟ್ಟಳು. ನೀರು ಮೊದಲು ಮೇಲೆ ನಿಂತು ಸಂಜೆಯ ಆಕಾಶವನ್ನು ತೋರಿಸಿತು. ಸಣ್ಣ ಸಣ್ಣ ಗುಳ್ಳೆಗಳೆದ್ದವು. ಮಣ್ಣು ಒಮ್ಮೆ ಕುಸಿದು ಬೇರನ್ನು ಅಪ್ಪಿಕೊಂಡಿತು. ಅವಳು ಬೆರಳಿಳಿಸಿ ನೋಡಿ, ಇನ್ನೊಂದು ಸುತ್ತು ಬಿಟ್ಟು, ಕ್ಯಾನನ್ನು ನೆಟ್ಟಗೆ ಮಾಡಿದಳು. ನೀರು ನೋಡುನೋಡುತ್ತಾ ಒಳಗಿಳಿಯಿತು.

ನಿಂಬೆ ನೆಲದಲ್ಲಿತ್ತು.